ಕಾಡುಗೋಡಿ ಪ್ರದೇಶದಲ್ಲಿ ಚಳಿಗಾಲ ಮತ್ತು ಬಾಳೆ ಬೇಸಾಯ: ತಳಿ, ನಾಟಿಯ ತಿಂಗಳು ಹಾಗೂ ಸಸಿ ಪಡೆಯುವ ವಿಧಾನ

ಬಾಳೆಯು ಬಿಸಿಲು ಮತ್ತು ತೇವ ಎರಡನ್ನೂ ಬಯಸುವ ಉಷ್ಣವಲಯದ ಬೆಳೆಯಾಗಿದೆ. ಬೆಂಗಳೂರು ಪೂರ್ವ ತಾಲ್ಲೂಕಿನ ಬಿದರಹಳ್ಳಿ ಹೋಬಳಿಗೆ ಸೇರಿದ ಕಾಡುಗೋಡಿಯು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಪ್ರಸ್ಥಭೂಮಿಯಲ್ಲಿರುವುದರಿಂದ, ಇಲ್ಲಿನ ಡಿಸೆಂಬರ್ ಮತ್ತು ಜನವರಿ ತಿಂಗಳ ರಾತ್ರಿಗಳು ಬಾಳೆಗೆ ತಂಪೆನಿಸುತ್ತವೆ. ಈ ಭಾಗದ ಕೃಷಿಕರು ಹಾಗೂ ಮನೆಯ ಹಿತ್ತಲಿನಲ್ಲಿ ಬಾಳೆ ಬೆಳೆಸುವ ನಾಗರಿಕರು ಸಸಿಗಳಿಗಾಗಿ ಅರ್ಜಿ ಸಲ್ಲಿಸುವ ಮುನ್ನ ತಿಳಿದಿರಬೇಕಾದ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಮೊದಲಿಗೆ ಸ್ಪಷ್ಟಪಡಿಸಬೇಕಾದ ಅಂಶವೆಂದರೆ, ಕಾಡುಗೋಡಿಯ ಚಳಿಯು ಬಾಳೆ ಗಿಡವನ್ನು ಕೊಲ್ಲುವುದಿಲ್ಲ; ಅದರ ಬೆಳವಣಿಗೆಯನ್ನು ತಡಮಾಡುತ್ತದೆ. ಈ ತಡವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಸಸಿ ನೆಟ್ಟಲ್ಲಿ, ಹನ್ನೆರಡು ಹದಿಮೂರು ತಿಂಗಳು ನೀರು, ಗೊಬ್ಬರ ಕೊಟ್ಟು ಸಾಕಿದ ಗಿಡವು ಪುಷ್ಯ ಮಾಸದ ಚಳಿಯಲ್ಲಿ ಗೊನೆ ಹಾಕಿ, ಸಣ್ಣ ಕಾಯಿಗಳನ್ನು ಕೊಡುವ ಸಂಭವವಿರುತ್ತದೆ. ಬಾಳೆ ಗಿಡವು ಒಮ್ಮೆ ಮಾತ್ರ ಗೊನೆ ಬಿಡುವುದರಿಂದ ಆ ಗಿಡದ ಮಟ್ಟಿಗೆ ಇಡೀ ಒಂದು ವರ್ಷದ ಶ್ರಮವು ನಷ್ಟವಾದಂತೆಯೇ ಸರಿ. ಚಳಿಗೆ ಮುಚ್ಚಿಗೆ, ಹೊದಿಕೆಗಳಿಗಿಂತ ನಾಟಿಯ ತಿಂಗಳನ್ನು ಸರಿಯಾಗಿ ಆರಿಸುವುದೇ ಮುಖ್ಯವಾದ ಪರಿಹಾರವಾಗಿದೆ.

ಚಳಿಯ ಪ್ರಮಾಣ ಮತ್ತು ಅದರ ಪರಿಣಾಮ

ಬೆಂಗಳೂರಿನಲ್ಲಿ ಜನವರಿ ತಿಂಗಳ ಸರಾಸರಿ ಕನಿಷ್ಠ ಉಷ್ಣಾಂಶವು ಸುಮಾರು 15ರಿಂದ 16 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ನಗರದಲ್ಲಿ ಈವರೆಗೆ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶವು 1884ರ ಜನವರಿ 13ರಂದು ದಾಖಲಾದ 7.8 ಡಿಗ್ರಿ. ನೀರು ಹೆಪ್ಪುಗಟ್ಟುವ ಹಿಮದ ಭಯವು ಇಲ್ಲಿ ಇಲ್ಲ. ಆದರೆ ಕಾಂಕ್ರೀಟ್ ಕಟ್ಟಡಗಳು ಹಗಲಿನ ಶಾಖವನ್ನು ಹಿಡಿದಿಡುವ ನಗರದ ಮಧ್ಯಭಾಗಕ್ಕಿಂತ, ಹೊಸಕೋಟೆಯ ಕಡೆಗೆ ತೆರೆದುಕೊಂಡಿರುವ ಬಯಲು, ಕೆರೆಯಂಗಳ ಮತ್ತು ಖಾಲಿ ಬಡಾವಣೆಗಳಲ್ಲಿ ರಾತ್ರಿಯ ಉಷ್ಣಾಂಶವು ಇನ್ನೂ ಕೆಳಗಿಳಿಯುತ್ತದೆ. ಚಳಿಗಾಲದಲ್ಲಿ ಈ ಪ್ರದೇಶದ ಮೇಲೆ ಬೀಸುವುದು ಮುಖ್ಯವಾಗಿ ಒಣ ಮೂಡಣ ಗಾಳಿ. ನಗರದ ಪೂರ್ವ ಅಂಚಿನಲ್ಲಿರುವ ಕಾಡುಗೋಡಿಗೆ ಅದು ತಡೆಯಿಲ್ಲದೆ ತಲುಪುತ್ತದೆ.

ಬಾಳೆಯ ಎಲೆಗಳು ಹೊರಬರಲು 27ರಿಂದ 31 ಡಿಗ್ರಿ ಉಷ್ಣಾಂಶವು ಅತ್ಯುತ್ತಮವಾದುದು. ದಿನದ ಸರಾಸರಿ ಉಷ್ಣಾಂಶವು 16 ಡಿಗ್ರಿಯ ಆಸುಪಾಸಿಗೆ ಇಳಿದಾಗ ಹೊಸ ಎಲೆ ಬರುವುದು ಬಹುತೇಕ ನಿಲ್ಲುತ್ತದೆ. ಕಾಡುಗೋಡಿಯಲ್ಲಿ ಜನವರಿಯ ಹಗಲು 27 ಡಿಗ್ರಿಯವರೆಗೆ ಬಿಸಿಯಾಗುವುದರಿಂದ ದಿನದ ಸರಾಸರಿಯು ಅಷ್ಟು ಕೆಳಗೆ ಹೋಗುವುದಿಲ್ಲ. ಆದುದರಿಂದ ಬೆಳವಣಿಗೆಯು ನಿಲ್ಲದೆ ಮಂದಗತಿಯಲ್ಲಿ ಸಾಗುತ್ತದೆ. ಮಳೆಗಾಲದಲ್ಲಿ ವಾರಕ್ಕೊಂದು ಎಲೆ ಬಿಚ್ಚುತ್ತಿದ್ದ ಗಿಡವು ಡಿಸೆಂಬರ್‌ನಲ್ಲಿ ಎರಡು ವಾರಕ್ಕೊಂದು ಎಲೆ ಬಿಡುವುದನ್ನು ಕಂಡು ಗಾಬರಿಯಾಗುವ ಅಗತ್ಯವಿಲ್ಲ.

ಗೊನೆ ಹೊರಬರುವ ಸಮಯದಲ್ಲಿ ಚಳಿ ಬಂದರೆ ಮಾತ್ರ ತೊಂದರೆಯು ಹೆಚ್ಚು. ಗಿಡದ ಒಳಗಿನ ದಿಂಡು ಮೇಲಕ್ಕೆ ನೀಳವಾಗುತ್ತಾ ಹೂವನ್ನು ಸುಳಿಯಿಂದ ಹೊರಕ್ಕೆ ತಳ್ಳಬೇಕು. ತಂಪಿನಲ್ಲಿ ದಿಂಡಿನ ಬೆಳವಣಿಗೆಯು ಕುಂಠಿತಗೊಂಡು, ಎಲೆಗಳು ಗಿಡದ ತಲೆಯಲ್ಲಿ ಒತ್ತೊತ್ತಾಗಿ ಸೇರಿಕೊಂಡು, ಗೊನೆಯು ಗಂಟಲಿನಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಪಚ್ಚಬಾಳೆಯಂತಹ ಗಿಡ್ಡ ತಳಿಗಳಲ್ಲಿ ಇದು ಹೆಚ್ಚು. ಹೊರಬಂದ ಗೊನೆಯಲ್ಲಿಯೂ ಕಾಯಿ ತುಂಬುವುದು ನಿಧಾನವಾಗುತ್ತದೆ. ಉಷ್ಣಾಂಶವು 13 ಡಿಗ್ರಿಗಿಂತ ಕಡಿಮೆಯಾದಾಗ ಸಿಪ್ಪೆಯ ಒಳಪದರವು ಕಂದಿ, ಹಣ್ಣಾದಾಗ ಹೊಳಪಿಲ್ಲದ ಮಾಸಲು ಹಳದಿಯಾಗುತ್ತದೆ. ಬಾಳೆಹಣ್ಣನ್ನು ಫ್ರಿಜ್‌ನಲ್ಲಿಟ್ಟಾಗ ಸಿಪ್ಪೆ ಕಪ್ಪಾಗುವುದೂ ಇದೇ ಕಾರಣದಿಂದ.

ತಳಿಯ ಆಯ್ಕೆ

ಇಂದು ಬೆಳೆಯುವ ತಿನ್ನುವ ಬಾಳೆಗಳಲ್ಲಿ ಬಹುಪಾಲು ಎರಡು ಕಾಡು ಬಾಳೆಗಳ ಸಂತತಿಯಾಗಿವೆ. ಮೊದಲನೆಯದು ಮ್ಯೂಸಾ ಅಕ್ಯುಮಿನೇಟ. ಇದು ಆಗ್ನೇಯ ಏಷ್ಯಾದ ಬಿಸಿ ಮತ್ತು ತೇವದ ಕಾಡುಗಳದ್ದು. ಎರಡನೆಯದು ಮ್ಯೂಸಾ ಬಾಲ್ಬಿಸಿಯಾನ. ಇದು ಬರ ಮತ್ತು ತಂಪನ್ನು ಹೆಚ್ಚು ತಾಳಿಕೊಳ್ಳುತ್ತದೆ. ಸಿಮಂಡ್ಸ್ ಮತ್ತು ಶೆಫರ್ಡ್ ಎಂಬ ವಿಜ್ಞಾನಿಗಳು 1955ರಲ್ಲಿ ಈ ಎರಡು ಮೂಲಗಳಿಗೆ 'ಎ' ಮತ್ತು 'ಬಿ' ಎಂಬ ಅಕ್ಷರಗಳನ್ನು ನೀಡಿ ತಳಿಗಳನ್ನು ವಿಂಗಡಿಸಿದರು. ಸಾಮಾನ್ಯವಾಗಿ 'ಬಿ' ಅಂಶವುಳ್ಳ ತಳಿಗಳು ಪ್ರಸ್ಥಭೂಮಿಯ ಚಳಿಗೆ ಹೆಚ್ಚು ಒಗ್ಗುತ್ತವೆ.

ಬೆಂಗಳೂರಿಗರು ಮನೆಮನೆಯಲ್ಲಿ ಬಳಸುವ ಯಾಲಕ್ಕಿ ಬಾಳೆಯು 'ಎಬಿ' ಗುಂಪಿಗೆ ಸೇರಿದ್ದು, ಕಾಡುಗೋಡಿ ಪ್ರದೇಶಕ್ಕೆ ಮೊದಲ ಆಯ್ಕೆಯಾಗಿದೆ. ಗಿಡವು ಎತ್ತರವಾಗಿ, ತೆಳ್ಳಗೆ ಬೆಳೆಯುತ್ತದೆ. ಗೊನೆಯ ತೂಕ 10ರಿಂದ 15 ಕಿಲೋ. ಅವಧಿ 13ರಿಂದ 14 ತಿಂಗಳು. ಇದರ ದೊಡ್ಡ ದೌರ್ಬಲ್ಯವು ಪನಾಮ ಸೊರಗು ರೋಗ. ಈ ಬಗ್ಗೆ ಮುಂದೆ ವಿವರಿಸಲಾಗಿದೆ. ಪಲ್ಯ ಮತ್ತು ಬಜ್ಜಿಗೆ ಬಳಸುವ ಬೂದುಬಾಳೆಯು 'ಎಬಿಬಿ' ಗುಂಪಿನದಾಗಿದ್ದು, ಇಲ್ಲಿ ಹೇಳಿರುವ ತಳಿಗಳಲ್ಲೆಲ್ಲಾ ಗಟ್ಟಿಯಾದುದು. ನೀರು ಕಡಿಮೆ ಇರುವ, ಆರೈಕೆಗೆ ಸಮಯವಿಲ್ಲದ ಮನೆಯವರು ಯಾವ ಸಂಕೋಚವೂ ಇಲ್ಲದೆ ಇದನ್ನೇ ಆರಿಸಿಕೊಳ್ಳಬಹುದು. ರೊಬಸ್ಟಾ ಮತ್ತು ಜಿ-9 ತಳಿಗಳು 'ಎಎಎ' ಗುಂಪಿನವು; 25ರಿಂದ 30 ಕಿಲೋ ಗೊನೆ ಕೊಟ್ಟರೂ ಚಳಿಗೆ ಸೂಕ್ಷ್ಮ. ಚಂದ್ರಬಾಳೆಯ ಅವಧಿಯು 16 ತಿಂಗಳಿಗೂ ಮೀರುವುದರಿಂದ ಅದು ಎರಡು ಚಳಿಗಾಲಗಳನ್ನು ದಾಟಬೇಕಾಗಬಹುದು. ನಂಜನಗೂಡು ರಸಬಾಳೆಯು ಭೌಗೋಳಿಕ ಸೂಚಿಕೆ ಪಡೆದ ಹೆಮ್ಮೆಯ ತಳಿಯಾದರೂ ಸೊರಗು ರೋಗಕ್ಕೆ ಸಿಲುಕಿ ತನ್ನ ತವರಿನಲ್ಲಿಯೇ ಅಳಿವಿನ ಅಂಚಿಗೆ ಬಂದಿತ್ತು. ಹಿತ್ತಲಿನ ಪ್ರಯೋಗಕ್ಕೆ ಅದು ಸೂಕ್ತವಲ್ಲ.

'ಹಿಮವನ್ನೂ ತಡೆಯುವ ಬಾಳೆ' ಎಂಬ ವರ್ಣನೆಯೊಡನೆ ಶೀತ ದೇಶಗಳಲ್ಲಿ ಮಾರಾಟವಾಗುವ ಸಸಿಯ ಬಗ್ಗೆಯೂ ನಾಗರಿಕರು ವಿಚಾರಿಸುವುದುಂಟು. ಇದು ದಕ್ಷಿಣ ಚೀನಾ ಮೂಲದ, ಜಪಾನಿನಲ್ಲಿ 'ಬಾಶೋ' ಎಂದು ಕರೆಯುವ ಮ್ಯೂಸಾ ಬಾಸ್ಜೂ. ಹದಿನೇಳನೆಯ ಶತಮಾನದ ಜಪಾನೀ ಕವಿ ಮಾತ್ಸುವೊ ಬಾಶೋ ತನ್ನ ಕುಟೀರದ ಮುಂದೆ ಶಿಷ್ಯನೊಬ್ಬನು ನೆಟ್ಟುಕೊಟ್ಟ ಈ ಗಿಡದ ಹೆಸರನ್ನೇ ಕಾವ್ಯನಾಮವಾಗಿ ಇಟ್ಟುಕೊಂಡನು. ಯುರೋಪಿನ ತೋಟಗಳಲ್ಲಿ ಚಳಿಗಾಲಕ್ಕೆ ಇದರ ಕಾಂಡಕ್ಕೆ ಹುಲ್ಲು ಸುತ್ತಿ, ಬುಡಕ್ಕೆ ದಪ್ಪನೆಯ ಹೊದಿಕೆ ಹಾಕುತ್ತಾರೆ. ಮೇಲಿನ ಭಾಗವೆಲ್ಲ ಸುಟ್ಟುಹೋದರೂ ನೆಲದೊಳಗಿನ ಗೆಡ್ಡೆಯು ಉಳಿದು, ವಸಂತದಲ್ಲಿ ಮತ್ತೆ ಚಿಗುರುತ್ತದೆ. ಆದರೆ ಇದರ ಹಣ್ಣು ಬೀಜಗಳಿಂದ ತುಂಬಿದ್ದು ತಿನ್ನಲು ಯೋಗ್ಯವಲ್ಲ. ಗೆಡ್ಡೆ ಉಳಿಯುವುದು ಬೇರೆ, ಗೊನೆ ದೊರೆಯುವುದು ಬೇರೆ. ಗೆಡ್ಡೆಯನ್ನು ಉಳಿಸಿಕೊಳ್ಳುವ ಗುಣಕ್ಕೆ ದೂರ ಹೋಗಬೇಕಿಲ್ಲ. ಪಶ್ಚಿಮ ಘಟ್ಟದ ಬಂಡೆಗಳ ನಡುವೆ ಬೆಳೆಯುವ ಕಲ್ಲುಬಾಳೆಯು ಬೇಸಿಗೆಯಲ್ಲಿ ಒಣಗಿ, ಮಳೆ ಬಂದೊಡನೆ ಗೆಡ್ಡೆಯಿಂದ ಏಳುತ್ತದೆ. ಹಣ್ಣು ಬಯಸುವ ಕಾಡುಗೋಡಿಯ ನಿವಾಸಿಗಳು ಹೆಚ್ಚಿನ ಬೆಲೆ ಕೊಟ್ಟು ವಿದೇಶಿ ಸಸಿ ತರಿಸುವುದರಿಂದ ಪ್ರಯೋಜನವಿಲ್ಲ.

ನಾಟಿಯ ತಿಂಗಳು

ಯಾಲಕ್ಕಿ ಬಾಳೆಯು ನೆಟ್ಟ ಒಂಬತ್ತರಿಂದ ಹತ್ತು ತಿಂಗಳಿಗೆ ಗೊನೆ ಹಾಕಿ, ಅನಂತರ ಮೂರು ಮೂರೂವರೆ ತಿಂಗಳಿಗೆ ಕಟಾವಿಗೆ ಬರುತ್ತದೆ. ಈ ಲೆಕ್ಕವನ್ನು ಹಿಂದಕ್ಕೆ ಎಣಿಸಿದರೆ ನಾಟಿಯ ತಿಂಗಳು ತಾನಾಗಿಯೇ ತಿಳಿಯುತ್ತದೆ. ಯುಗಾದಿಯ ಆಸುಪಾಸಿನಲ್ಲಿ, ಅಂದರೆ ಮಾರ್ಚ್ ತಿಂಗಳಿನಲ್ಲಿ ನೆಟ್ಟ ಸಸಿಯು ಡಿಸೆಂಬರ್ ಅಥವಾ ಜನವರಿಯಲ್ಲಿ ಗೊನೆ ಹಾಕುತ್ತದೆ. ಇದು ತಪ್ಪಿಸಬೇಕಾದ ಸಮಯ. ನವೆಂಬರ್ ಅಥವಾ ಡಿಸೆಂಬರ್‌ನಲ್ಲಿ ನೆಟ್ಟರೆ ಎಳೆಯ ಸಸಿಯು ಬೇರೂರುವ ಹೊತ್ತಿಗೆ ಚಳಿಗೆ ಸಿಕ್ಕಿ, ಎರಡು ತಿಂಗಳು ಇದ್ದಲ್ಲಿಯೇ ಇರುತ್ತದೆ.

ಮುಂಗಾರಿನೊಡನೆ ಜೂನ್‌ನಿಂದ ಆಗಸ್ಟ್ ಮೊದಲ ಭಾಗದವರೆಗೆ ನೆಡುವುದು ಈ ಪ್ರದೇಶಕ್ಕೆ ಅತ್ಯಂತ ಸೂಕ್ತ. ಜೂನ್‌ನಲ್ಲಿ ನೆಟ್ಟ ಗಿಡವು ಐದಾರು ತಿಂಗಳ ಗಟ್ಟಿ ಗಿಡವಾಗಿ ಚಳಿಗಾಲವನ್ನು ಪ್ರವೇಶಿಸುತ್ತದೆ. ಆ ವಯಸ್ಸಿನಲ್ಲಿ ಬೆಳವಣಿಗೆ ತುಸು ತಡವಾದರೂ ನಷ್ಟವಿಲ್ಲ. ಶಿವರಾತ್ರಿಗೆ ಚಳಿಯು ಶಿವಶಿವಾ ಎಂದು ಓಡುತ್ತದೆ ಎಂಬ ಗಾದೆಯಂತೆ ಫೆಬ್ರವರಿ ಕಳೆದೊಡನೆ ಗಿಡವು ಮತ್ತೆ ಚುರುಕಾಗಿ, ಏಪ್ರಿಲ್ ವೇಳೆಗೆ ಗೊನೆ ಹಾಕುತ್ತದೆ. ಕಟಾವು ಜುಲೈ ಕೊನೆ ಅಥವಾ ಆಗಸ್ಟ್‌ನಲ್ಲಿ ದೊರೆತು, ವರಮಹಾಲಕ್ಷ್ಮಿ ಮತ್ತು ಗೌರಿ ಗಣೇಶ ಹಬ್ಬಗಳ ಮಾರುಕಟ್ಟೆಗೆ ಸರಿಹೊಂದುತ್ತದೆ.

ಈ ಕ್ರಮದಲ್ಲಿ ಒಂದು ಅಪಾಯವೂ ಇದೆ. ಏಪ್ರಿಲ್ ಮತ್ತು ಮೇ ತಿಂಗಳ ಗುಡುಗು ಮಳೆಯ ಬಿರುಗಾಳಿಯ ಹೊತ್ತಿಗೆ ಗಿಡದ ಮೇಲೆ ಗೊನೆಯ ಭಾರವಿರುತ್ತದೆ. ಎತ್ತರದ ಕಟ್ಟಡಗಳ ನಡುವಿನ ಸಂದುಗಳಲ್ಲಿ ಗಾಳಿಯ ವೇಗ ಇನ್ನೂ ಹೆಚ್ಚು. ಆದುದರಿಂದ ಗೊನೆ ಕಾಣಿಸಿಕೊಂಡ ವಾರದೊಳಗೆ ಬಿದಿರು ಅಥವಾ ಸರ್ವೆ ಮರದ ಊರುಗೋಲನ್ನು ಕೊಡತಕ್ಕದ್ದು. ಚಳಿಯಿಂದ ಪಾರಾದ ಗೊನೆಯನ್ನು ಮೇ ತಿಂಗಳ ಗಾಳಿಗೆ ಒಪ್ಪಿಸುವುದು ಅಷ್ಟೇ ದೊಡ್ಡ ನಷ್ಟ.

ಕೂಳೆ ಬೆಳೆಯಲ್ಲಿ ನಾಟಿಯ ದಿನದ ಬದಲು ಕಂದು ಬಿಡುವ ದಿನವೇ ಲೆಕ್ಕಕ್ಕೆ ಬರುತ್ತದೆ. ತಾಯಿ ಗಿಡವು ಗೊನೆ ಹಾಕುವವರೆಗೆ ಬರುವ ಕಂದುಗಳನ್ನು ನೆಲಮಟ್ಟಕ್ಕೆ ಕತ್ತರಿಸುತ್ತಿರಬೇಕು. ಅನಂತರ ಏಳುವ, ಕತ್ತಿಯಂತೆ ಕಿರಿದಾದ ಎಲೆಯುಳ್ಳ ಒಂದು ಕಂದನ್ನು ಮಾತ್ರ ಉಳಿಸಿಕೊಳ್ಳಬೇಕು. ಜನವರಿಯಲ್ಲಿಯೇ ಕಂದು ಬಿಟ್ಟರೆ ಅದರ ಗೊನೆಯು ಮುಂದಿನ ಚಳಿಗಾಲಕ್ಕೆ ಸರಿಯಾಗಿ ಬಂದು ನಿಲ್ಲುತ್ತದೆ.

ಗುಂಡಿ, ನೀರು ಮತ್ತು ಚಳಿಗಾಲದ ಆರೈಕೆ

ಯಾಲಕ್ಕಿಗೆ 2.1 ಮೀಟರ್ ಅಂತರದಲ್ಲಿ, ಒಂದೂವರೆ ಅಡಿ ಉದ್ದ, ಅಗಲ ಮತ್ತು ಆಳದ ಗುಂಡಿ ತೆಗೆದು, ಮೇಲ್ಮಣ್ಣಿನೊಡನೆ ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ ಮತ್ತು ಬೇವಿನ ಹಿಂಡಿಯನ್ನು ಬೆರೆಸಿ ತುಂಬಬೇಕು. ಹೊಸ ಬಡಾವಣೆಗಳಲ್ಲಿ ನಿವೇಶನದ ಮಣ್ಣಿನೊಡನೆ ಕಟ್ಟಡದ ಭಗ್ನಾವಶೇಷ, ಸಿಮೆಂಟ್ ಮತ್ತು ಸುಣ್ಣ ಬೆರೆತಿರುವುದುಂಟು. ಅಂತಹ ಮಣ್ಣನ್ನು ತೆಗೆದು ಕೆಂಪುಮಣ್ಣು ತುಂಬುವುದು ಅವಶ್ಯಕ. ಮನೆಯ ದಕ್ಷಿಣ ಅಥವಾ ಪಶ್ಚಿಮ ಗೋಡೆಯ ಪಕ್ಕದ ಜಾಗವು ಹಗಲಿನ ಶಾಖವನ್ನು ರಾತ್ರಿ ಹೊರಬಿಡುವುದರಿಂದ ಹಾಗೂ ಕಟ್ಟಡವೇ ಮೂಡಣ ಗಾಳಿಗೆ ಅಡ್ಡವಾಗುವುದರಿಂದ ಅನುಕೂಲಕರ. ತೋಟದಲ್ಲಾದರೆ ಪೂರ್ವದ ಬದುವಿನಲ್ಲಿ ಎರಡು ಸಾಲು ಅಗಸೆ ಅಥವಾ ನುಗ್ಗೆ ಹಾಕುವುದು ಒಳ್ಳೆಯದು.

ಚಳಿಗಾಲದಲ್ಲಿ ಗಿಡವು ನೀರನ್ನು ನಿಧಾನವಾಗಿ ಕುಡಿಯುತ್ತದೆ. ಬೇಸಿಗೆಯ ಅಭ್ಯಾಸದಂತೆ ದಿನವೂ ನೀರು ಕಟ್ಟಿದರೆ ತಣ್ಣನೆಯ ಕೆಸರಿನಲ್ಲಿ ಬೇರು ಮತ್ತು ಗೆಡ್ಡೆ ಕೊಳೆಯುವ ಸಾಧ್ಯತೆಯಿದೆ. ಮಣ್ಣು ತೇವವಾಗಿರುವಷ್ಟು ಮಾತ್ರ ನೀರುಣಿಸಬೇಕು. ಆಳದ ಕೊಳವೆ ಬಾವಿಯಿಂದ ಆಗತಾನೆ ಬಂದ ನೀರು ಚಳಿಗಾಲದ ಬೆಳಗ್ಗೆ ಮೇಲ್ಮಣ್ಣಿಗಿಂತ ಬೆಚ್ಚಗಿರುತ್ತದೆ. ಅದನ್ನು ನೇರವಾಗಿ ಹಾಯಿಸುವುದು ಲಾಭಕರ. ರಾತ್ರಿಯಿಡೀ ಮೇಲಿನ ತೊಟ್ಟಿಯಲ್ಲಿ ತಣ್ಣಗಾದ ನೀರನ್ನು ಬಿಸಿಲೇರಿದ ಮೇಲೆಯೇ ಕೊಡಬೇಕು. ವಸತಿ ಸಮುಚ್ಚಯಗಳಲ್ಲಿ ಶುದ್ಧೀಕರಣ ಘಟಕದ ನೀರನ್ನು ತೋಟಕ್ಕೆ ಬಳಸುವವರು ಅದರ ಲವಣಾಂಶವನ್ನು ಪರೀಕ್ಷಿಸಿಕೊಳ್ಳುವುದು ಸೂಕ್ತ. ಬಾಳೆಯು ಉಪ್ಪಿಗೆ ಸೂಕ್ಷ್ಮವಾದ ಬೆಳೆಯಾಗಿದ್ದು, ಎಲೆಯಂಚು ಸುಟ್ಟಂತಾಗುವುದು ಇದರ ಲಕ್ಷಣ. ಎಷ್ಟೋ ವೇಳೆ ಈ ತಪ್ಪನ್ನೂ ಚಳಿಯ ಮೇಲೆಯೇ ಹೊರಿಸಲಾಗುತ್ತದೆ.

ಬುಡದ ಸುತ್ತ ಒಣ ಎಲೆ, ಹುಲ್ಲು ಅಥವಾ ಹೆಚ್ಚಿದ ಬಾಳೆ ಕಾಂಡವನ್ನು ನಾಲ್ಕೈದು ಅಂಗುಲ ದಪ್ಪಕ್ಕೆ ಹರಡಬೇಕು; ಕಾಂಡಕ್ಕೆ ತಾಗುವಂತೆ ರಾಶಿ ಹಾಕಬಾರದು. ಚಳಿಗಾಲಕ್ಕೆ ಮುನ್ನ, ಅಕ್ಟೋಬರ್ ತಿಂಗಳಿನಲ್ಲಿ, ಪೊಟ್ಯಾಷ್ ಕೊಡುವುದರಿಂದ ಗಿಡವು ಗಟ್ಟಿಯಾಗುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಅಭಿವೃದ್ಧಿಪಡಿಸಿರುವ 'ಬನಾನಾ ಸ್ಪೆಷಲ್' ಲಘು ಪೋಷಕಾಂಶ ಮಿಶ್ರಣವನ್ನು ಲೀಟರ್ ನೀರಿಗೆ 5 ಗ್ರಾಂನಂತೆ ಬೆರೆಸಿ, ಐದನೆಯ ತಿಂಗಳಿನಿಂದ ಎಲೆಗಳಿಗೆ ಸಿಂಪಡಿಸಬಹುದಾಗಿದೆ.

ಎಲ್ಲ ಎಚ್ಚರಿಕೆಯ ನಡುವೆಯೂ ಜನವರಿಯಲ್ಲಿ ಗೊನೆ ಬಂದೇಬಿಟ್ಟರೆ, ಕೊನೆಯ ಚಿಪ್ಪು ಬಿಚ್ಚಿಕೊಂಡ ನಂತರ ಮೂತಿಯನ್ನು ಮುರಿದು, ಗೊನೆಗೆ ಸಣ್ಣ ರಂಧ್ರಗಳುಳ್ಳ ತೆಳು ಪಾಲಿಥೀನ್ ಚೀಲವನ್ನು ತೊಡಿಸಬೇಕು. ಕೆಳಬಾಯಿ ತೆರೆದಿರಲಿ. ಒಳಗಿನ ಗಾಳಿಯು ತುಸು ಬೆಚ್ಚಗಿದ್ದು ಕಾಯಿ ತುಂಬಲು ಸಹಾಯವಾಗುತ್ತದೆ. ಗಂಟಲಿನಲ್ಲಿ ಸಿಕ್ಕಿಕೊಂಡ ಗೊನೆಯನ್ನು ಕೈಯಿಂದ ಎಳೆಯಬಾರದು; ಎಳೆದರೆ ದಿಂಡು ಮುರಿಯುತ್ತದೆ. ಅನುಭವಿಗಳಿಂದ ಹೊರಗಿನ ಎಲೆ ಹೊದಿಕೆಯನ್ನು ಮಾತ್ರ ಉದ್ದಕ್ಕೆ ಸೀಳಿಸಿ, ಗೊನೆಗೆ ದಾರಿ ಮಾಡಿಕೊಡಬಹುದು.

ಚಳಿಯೋ, ರೋಗವೋ?

ನಾಗರಿಕರಿಗೆ ಹೆಚ್ಚು ಗೊಂದಲವಾಗುವುದು ಇಲ್ಲಿಯೇ. ಎರಡು ಬಗೆಯ ತಪ್ಪುಗಳು ಸಾಧ್ಯ: ಆರೋಗ್ಯವಂತ ಗಿಡವನ್ನು ರೋಗವೆಂದು ಭಾವಿಸಿ ಕಿತ್ತುಹಾಕುವುದು, ಇಲ್ಲವೇ ರೋಗದ ಗಿಡವನ್ನು ಚಳಿಯೆಂದು ಸುಮ್ಮನೆ ಬಿಡುವುದು. ಎರಡನೆಯದು ಹೆಚ್ಚು ಅಪಾಯಕಾರಿ. ಏಕೆಂದರೆ ಅದೇ ಗಿಡದ ಕಂದುಗಳು ನೆರೆಮನೆಯವರಿಗೆ, ನೆಂಟರಿಗೆ ಹಂಚಿಕೆಯಾಗಿ ರೋಗವು ಹರಡುತ್ತದೆ.

ಚಳಿಯಿಂದ ಎಲೆಗಳು ತಲೆಯಲ್ಲಿ ಒತ್ತೊತ್ತಾಗಿ ಕಾಣುವುದುಂಟು. ಗೊಂಚಲು ತುದಿ ನಂಜುರೋಗದಲ್ಲಿಯೂ ಹೀಗೆಯೇ ಕಾಣುತ್ತದೆ. ವ್ಯತ್ಯಾಸವನ್ನು ಎಲೆತೊಟ್ಟಿನಲ್ಲಿ ಹುಡುಕಬೇಕು. ರೋಗವಿದ್ದಲ್ಲಿ ತೊಟ್ಟು ಮತ್ತು ನಡುನರದ ಮೇಲೆ ಕಡು ಹಸಿರು ಬಣ್ಣದ ಚುಕ್ಕೆ ಹಾಗೂ ಗೀರುಗಳು ಸಾಲಾಗಿ ಕಾಣುತ್ತವೆ. ಹೊಸ ಎಲೆಗಳು ಕಿರಿದಾಗಿ, ನೆಟ್ಟಗೆ ನಿಂತು, ಮುಟ್ಟಿದರೆ ಪೆಡಸಾಗಿರುತ್ತವೆ. ಚಳಿಯ ಪರಿಣಾಮವು ಮಾರ್ಚ್ ತಿಂಗಳ ಬಿಸಿಲಿಗೆ ತಾನಾಗಿ ಸರಿಹೋಗುತ್ತದೆ, ನಂಜುರೋಗವು ಎಂದಿಗೂ ಸರಿಹೋಗುವುದಿಲ್ಲ. ಈ ರೋಗವನ್ನು ಹರಡುವುದು ಬಾಳೆಯ ಸಸ್ಯಹೇನು. ಆದುದರಿಂದ ಮೊದಲು ಹೇನುಗಳನ್ನು ನಿಯಂತ್ರಿಸಿ, ಅನಂತರ ಗಿಡವನ್ನು ಗೆಡ್ಡೆ ಸಮೇತ ನಾಶಪಡಿಸತಕ್ಕದ್ದು.

ಹಳದಿ ಎಲೆಗಳ ವಿಷಯವೂ ಹೀಗೆಯೇ. ಚಳಿಗೆ ಎಲೆಗಳು ಗಿಡದುದ್ದಕ್ಕೂ ಒಂದೇ ಸಮನಾಗಿ ತಿಳಿಬಣ್ಣಕ್ಕೆ ತಿರುಗುತ್ತವೆ. ಪನಾಮ ಸೊರಗು ರೋಗದಲ್ಲಿ ಕೆಳಗಿನ ಹಳೆಯ ಎಲೆಗಳು ಅಂಚಿನಿಂದ ಹಳದಿಯಾಗುತ್ತಾ ಬಂದು, ತೊಟ್ಟಿನ ಬಳಿ ಮುರಿದು, ಕಾಂಡದ ಸುತ್ತ ಲಂಗದಂತೆ ಜೋತುಬೀಳುತ್ತವೆ. ಕಾಂಡದ ಬುಡವು ಸೀಳುವುದೂ ಉಂಟು. ಗೆಡ್ಡೆಯನ್ನು ಅಡ್ಡಕ್ಕೆ ಕತ್ತರಿಸಿ ನೋಡಿದರೆ ಕೆಂಪು ಮಿಶ್ರಿತ ಕಂದು ಬಣ್ಣದ ಚುಕ್ಕೆ ಮತ್ತು ಗೆರೆಗಳು ಕಾಣುತ್ತವೆ. ಇದಕ್ಕೆ ಕಾರಣವಾದ ಶಿಲೀಂಧ್ರವು ಮಣ್ಣಿನಲ್ಲಿ ಹಲವು ವರ್ಷ ಬದುಕಿರುವುದರಿಂದ, ರೋಗ ಬಂದ ಗುಂಡಿಯಲ್ಲಿ ಮತ್ತೆ ಯಾಲಕ್ಕಿಯನ್ನು ನೆಡಬಾರದು. ಆ ಗಿಡಕ್ಕೆ ಬಳಸಿದ ಕತ್ತಿ, ಗುದ್ದಲಿಗಳನ್ನು ತೊಳೆಯದೆ ಬೇರೆಡೆಗೆ ಒಯ್ಯಬಾರದು. ಮಳೆಗಾಲದ ಕೊನೆ ಮತ್ತು ಇಬ್ಬನಿಯ ದಿನಗಳಲ್ಲಿ ಬರುವ ಸಿಗಟೋಕ ಎಲೆಚುಕ್ಕೆಯನ್ನು ಗುರುತಿಸುವುದು ಸುಲಭ. ಚುಕ್ಕೆ ಬಿದ್ದ ಎಲೆಗಳನ್ನು ಕತ್ತರಿಸಿ ತೋಟದಿಂದ ಹೊರಹಾಕಿದರೆ ಬಹುತೇಕ ಹತೋಟಿಗೆ ಬರುತ್ತದೆ.

ಸಸಿ ಮತ್ತು ಸಹಾಯಧನಕ್ಕೆ ಅರ್ಜಿ

ರೋಗದ ಈ ಭಯದಿಂದಲೇ ಗುರುತಿಲ್ಲದ ತೋಟದ ಕಂದುಗಳಿಗಿಂತ ಅಂಗಾಂಶ ಕೃಷಿ ಸಸಿಗಳನ್ನು ಶಿಫಾರಸು ಮಾಡಲಾಗುತ್ತದೆ. ಇಂತಹ ಸಸಿಗಳ ನಂಜುರಹಿತ ಗುಣಮಟ್ಟಕ್ಕಾಗಿ 2006ರಿಂದ ರಾಷ್ಟ್ರೀಯ ಪ್ರಮಾಣೀಕರಣ ವ್ಯವಸ್ಥೆಯು ಜಾರಿಯಲ್ಲಿದ್ದು, ಖರೀದಿಯ ವೇಳೆ ಪ್ರಮಾಣಪತ್ರದ ಗುರುತನ್ನು ಕೇಳಿ ಪಡೆಯುವುದು ಗ್ರಾಹಕರ ಹಕ್ಕಾಗಿದೆ. ಸಸಿಯು ಸುಮಾರು ಒಂದು ಅಡಿ ಎತ್ತರವಿದ್ದು ಐದಾರು ಎಲೆಗಳನ್ನು ಹೊಂದಿರಬೇಕು. ತೋಟಗಾರಿಕೆ ಇಲಾಖೆಯ ಹುಳಿಮಾವಿನ ಜೈವಿಕ ಕೇಂದ್ರದಲ್ಲಿ ಅಂಗಾಂಶ ಕೃಷಿ ಬಾಳೆ ಸಸಿಗಳ ಲಭ್ಯತೆಯನ್ನು ವಿಚಾರಿಸಬಹುದಾಗಿದೆ.

ಪ್ರದೇಶ ವಿಸ್ತರಣೆ, ಹನಿ ನೀರಾವರಿ ಮುಂತಾದ ಸಹಾಯಧನಗಳು ಕೃಷಿ ಜಮೀನಿಗೆ ಸಂಬಂಧಿಸಿದವು. ಅರ್ಜಿದಾರರು 'ಫ್ರೂಟ್ಸ್' ನೋಂದಣಿ ಸಂಖ್ಯೆ, ಪಹಣಿ, ಆಧಾರ್ ಮತ್ತು ಬ್ಯಾಂಕ್ ಪಾಸ್ ಪುಸ್ತಕದ ಪ್ರತಿಗಳೊಡನೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಾದಲ್ಲಿ ಜಾತಿ ಪ್ರಮಾಣಪತ್ರದೊಡನೆ, ತಾಲ್ಲೂಕು ತೋಟಗಾರಿಕೆ ಕಛೇರಿಯನ್ನು ಸಂಪರ್ಕಿಸಬೇಕು. ಕಾಡುಗೋಡಿಯಂತಹ ಪ್ರದೇಶದಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು: ವಸತಿ ಅಥವಾ ಕೈಗಾರಿಕೆಗಾಗಿ ಭೂಪರಿವರ್ತನೆಯಾದ ಜಮೀನಿನಲ್ಲಿ ಈಗಲೂ ಬಾಳೆ ನಿಂತಿದ್ದರೂ ದಾಖಲೆಯಲ್ಲಿ ಅದು ಕೃಷಿ ಜಮೀನಲ್ಲ. ಅರ್ಜಿಗೆ ಖರ್ಚು ಮಾಡುವ ಮುನ್ನ ಪಹಣಿಯನ್ನು ಪರಿಶೀಲಿಸಿಕೊಂಡಲ್ಲಿ ಅನಗತ್ಯ ಓಡಾಟ ತಪ್ಪುತ್ತದೆ. ನಿವೇಶನದಾರರು ಮತ್ತು ವಸತಿ ಸಮುಚ್ಚಯದ ನಿವಾಸಿಗಳು ಸಹಾಯಧನವಿಲ್ಲದೆ, ನಿಗದಿತ ದರದಲ್ಲಿ ಸಸಿಗಳನ್ನು ಕೊಳ್ಳಬಹುದು.

ರೋಗದ ಸಂದೇಹವಿದ್ದಲ್ಲಿ ಗಿಡವನ್ನು ಕೀಳುವ ಮುನ್ನ ಎಲೆತೊಟ್ಟು ಮತ್ತು ಗೆಡ್ಡೆಯ ಚಿತ್ರಗಳೊಡನೆ ತೋಟಗಾರಿಕೆ ಕಛೇರಿಯಲ್ಲಿ ವಿಚಾರಿಸಬಹುದು. ಕಿಸಾನ್ ಕಾಲ್ ಸೆಂಟರ್‌ನ ಶುಲ್ಕರಹಿತ ದೂರವಾಣಿ 1800-180-1551 ಮೂಲಕವೂ ಸಲಹೆ ದೊರೆಯುತ್ತದೆ. ಅಂಗಾಂಶ ಕೃಷಿ ಸಸಿಗಳು ಸಿದ್ಧವಾಗಲು ಹಲವು ತಿಂಗಳು ಬೇಕಾಗುವುದರಿಂದ, ಜೂನ್ ನಾಟಿಗೆ ಸಸಿ ಬೇಕಾದವರು ಮಾರ್ಚ್ ತಿಂಗಳೊಳಗೆ ಬೇಡಿಕೆಯನ್ನು ಸಲ್ಲಿಸತಕ್ಕದ್ದು. ಆಗಸ್ಟ್ ಮಧ್ಯಭಾಗದ ನಂತರ ಸಸಿ ದೊರೆತಲ್ಲಿ, ಆ ವರ್ಷ ನಾಟಿಯನ್ನು ಕೈಬಿಟ್ಟು ಗುಂಡಿಗೆ ಹಸಿರೆಲೆ ಗೊಬ್ಬರದ ಬೀಜ ಬಿತ್ತುವುದು ಉತ್ತಮ.